ಮಾಸ್ಕೋದ ದೂರ, ನಮ್ಮ ಮನೆಯ ಕಸ

ನಮ್ಮ ಮನೆಯಿಂದ ಯಾರಾದರೂ ಊರಿಗೆ ಹೊರಟರೆ ಇವತ್ತಿಗೂ ಮೊದಲು ಮಾಯವಾಗುವುದು ಕಸಬರಿಗೆ. ನನ್ನ ಹೆಂಡತಿ ಅದನ್ನು ಬಾಗಿಲ ಸಂದಿಯಿಂದ ಎತ್ತಿ ಹಿತ್ತಲಲ್ಲಿ ಇಟ್ಟು ಬರುತ್ತಾಳೆ. ಹೋದವರು ಮುಟ್ಟಿದ ಸುದ್ದಿ ಬರುವ ತನಕ ಅದು ಅಲ್ಲಿಯೇ. ಹೋದ ವಾರ ಮೊಮ್ಮಗಳು ಶಾಲೆಯ ಪ್ರವಾಸಕ್ಕೆ ಹೊರಟಾಗಲೂ ಹೀಗೇ ಆಯಿತು. ಬಸ್ಸು ಎಷ್ಟು ಹೊತ್ತಿಗೆ ಮುಟ್ಟುತ್ತದೆ ಎಂದು ಹೆಂಡತಿ ಸೊಸೆಯನ್ನು ಕೇಳಿದಳು. ಸೊಸೆ ಮೊಬೈಲಿನಲ್ಲಿ ಎರಡು ಊರಿನ ಹೆಸರು ಒತ್ತಿ, ಕಣ್ಣು ಮಿಟುಕಿಸುವುದರೊಳಗೆ ಇಷ್ಟು ದೂರ, ಇಷ್ಟು ತಾಸು, ವಿಮಾನದಲ್ಲಾದರೆ ಇಷ್ಟು ಎಂದು ಒಪ್ಪಿಸಿದಳು. ನಾನು ಅಲ್ಲೇ ಆರಾಮ ಕುರ್ಚಿಯಲ್ಲಿ ಕುಳಿತಿದ್ದೆ. ಜೀವಮಾನವಿಡೀ ಮಕ್ಕಳಿಗೆ ಭೂಗೋಳ ಕಲಿಸಿ ಪಿಂಚಣಿ ತಿನ್ನುತ್ತಿರುವವನು ನಾನು. ಒಂದು ಊರಿನಿಂದ ಇನ್ನೊಂದು ಊರಿಗೆ ಎಷ್ಟು ದೂರ ಎಂಬುದು ನನ್ನ ಅನ್ನದ ವಿಷಯ. ಆದರೂ ಈ ಮನೆಯಲ್ಲಿ ಅದನ್ನು ನನ್ನ ಹತ್ತಿರ ಯಾರೂ ಕೇಳುವುದಿಲ್ಲ. ಯಾಕೆ ಕೇಳಬಾರದು ಎಂಬುದನ್ನು ನನ್ನ ಹೆಂಡತಿ ಮದುವೆಯಾಗಿ ಬಂದ ಮೊದಲ ವಾರದಲ್ಲೇ ನಮ್ಮ ಅವ್ವನಿಂದ ತಿಳಿದುಕೊಂಡಿದ್ದಾಳೆ. ನಿಮಗೆ ಅವಳ ಬಾಯಿಂದ ತಿಳಿಯುವ ಮೊದಲು ನಾನೇ ಹೇಳಿಬಿಡುವುದು ಲೇಸು. ಅವಳು ಹೇಳಿದರೆ ನಗುವುದೇ ಹೆಚ್ಚು, ಹೇಳುವುದು ಕಡಿಮೆ.

ನಮ್ಮದು ನವಲಗುಂದದ ಹತ್ತಿರದ ಒಂದು ಹಳ್ಳಿ. ಊರಿಗೆ ಹೋದವರು ಮುಟ್ಟುವ ಮುಂಚೆ ಮನೆಯ ಕಸ ಹೊಡೆಯಬಾರದು ಎಂಬುದು ನಮ್ಮ ಕಡೆ ಎಲ್ಲರಿಗೂ ಗೊತ್ತಿದ್ದ ಪದ್ಧತಿ. ಹೋದವರ ಬೆನ್ನಿಗೇ ಕಸಬರಿಗೆ ಆಡಿಸಿದರೆ ಅವರನ್ನೇ ಗುಡಿಸಿ ಹೊರಗೆ ಹಾಕಿದಂತೆ ಎಂದು ಹಿರಿಯರು ಹೇಳುತ್ತಿದ್ದರು. ಬೇರೆ ಮನೆಗಳಲ್ಲಿ ಇದಕ್ಕೆ ಸ್ವಲ್ಪ ಸಡಿಲ ಇತ್ತು. ಬಸ್ಸು ಊರ ಅಗಸಿ ಬಾಗಿಲು ದಾಟಿತೆಂದರೆ ಅವರು ಗುಡಿಸಲು ಶುರುಮಾಡಿಬಿಡುತ್ತಿದ್ದರು. ನಮ್ಮ ಅವ್ವನ ಹತ್ತಿರ ಅದೆಲ್ಲ ನಡೆಯುತ್ತಿರಲಿಲ್ಲ. ಹೋದವರು ಹೋದ ಊರಿನಲ್ಲಿ ಕಾಲಿಟ್ಟಿರಬೇಕು, ಕೈಕಾಲು ತೊಳೆದಿರಬೇಕು, ಆಮೇಲೆ ಕಸಬರಿಗೆ. ಹೀಗಾಗಿ ನಾನು ಸಣ್ಣವನಿದ್ದಾಗ ದೂರ ಎಂಬುದನ್ನು ಕಲಿತದ್ದು ಮೈಲಿನಲ್ಲಿ ಅಲ್ಲ, ಕಸದಲ್ಲಿ. ಅಣ್ಣಿಗೇರಿ ಅಂದರೆ ಒಂದು ಮೊರ. ಹುಬ್ಬಳ್ಳಿ ಒಂದು ಪುಟ್ಟಿ. ಅಪ್ಪ ಒಮ್ಮೆ ಎತ್ತು ತರಲು ಎರಡು ದಿನದ ದಾರಿಗೆ ಹೋದಾಗ ಎರಡು ಪುಟ್ಟಿ ತುಂಬಿ, ಮೇಲೆ ಅಪ್ಪನ ತಮ್ಮನಾದ ಕಾಕಾನ ಹಳೆಯ ಟವೆಲ್ಲಿನ ತುಂಬ ಹೊತ್ತುಹಾಕಿದ್ದೆವು.

ಕಸ ಹೊಡೆಯುವ ಪಾಳಿ ನನಗಿಂತ ಎರಡು ವರ್ಷ ದೊಡ್ಡವಳಾದ ನೀಲಕ್ಕನದು. ಅವಳು ಮುಂಜಾನೆ ಎದ್ದ ಕೂಡಲೇ ಕಾಕಾನ ಹತ್ತಿರ ಹೋಗಿ, “ಕಾಕಾ, ಇವತ್ತ ಹುಬ್ಬಳ್ಳಿಗೆ ಹೋಗೂದಿಲ್ಲೇನು? ಹೋಗಿ ಭಾಳ ದಿನಾ ಆತಲ್ಲ?” ಎಂದು ಮುದ್ದಾಗಿ ಕೇಳುತ್ತಿದ್ದಳು. ಈ ಹುಡುಗಿಗೆ ನನ್ನ ಮೇಲೆ ಎಷ್ಟು ಕಾಳಜಿ ಎಂದು ಕಾಕಾ ಹಿಗ್ಗುತ್ತಿದ್ದ. ಕೆಲವು ಸಲ ಹಿಗ್ಗಿನ ಭರದಲ್ಲಿ ಹೋಗಿಯೂ ಬಿಡುತ್ತಿದ್ದ.

ಎಪ್ಪತ್ತರ ದಶಕದ ಆ ವರ್ಷ ನಾನು ಧಾರವಾಡದಲ್ಲಿ ಬಿ.ಎ. ಮುಗಿಸಿ ಬಂದು ನವಲಗುಂದದ ಒಂದು ಶಾಲೆಯಲ್ಲಿ ತಾತ್ಪೂರ್ತಿಕ ಭೂಗೋಳದ ಮಾಸ್ತರನಾಗಿದ್ದೆ. ನೌಕರಿ ತಾತ್ಪೂರ್ತಿಕ, ಆದರೆ ಗತ್ತು ಕಾಯಂ. ಅಟ್ಲಾಸನ್ನು ಶಾಲೆಯಲ್ಲಿಯೇ ಬಿಟ್ಟುಬರಬಹುದಿತ್ತು, ನಾನು ಬಿಡುತ್ತಿರಲಿಲ್ಲ. ಅದನ್ನು ಬಗಲಲ್ಲಿ ಇಟ್ಟುಕೊಂಡು ಅಗಸಿ ಕಟ್ಟೆಯ ಮುಂದೆ ಅಗತ್ಯಕ್ಕಿಂತ ನಿಧಾನವಾಗಿ ನಡೆಯುತ್ತಿದ್ದೆ. ಕಟ್ಟೆಯ ಮೇಲೆ ಕುಳಿತವರು ಏನಾದರೂ ಕೇಳಲಿ ಎಂದು ಕೆಮ್ಮುತ್ತಲೂ ಇದ್ದೆ. ಕೇಳಿದರೆ ಉತ್ತರ ತಡವಿಲ್ಲ. ಗೊತ್ತಿದ್ದರೆ ಒಂದು ಉತ್ತರ, ಗೊತ್ತಿಲ್ಲದಿದ್ದರೆ ಎರಡು. ಪಠ್ಯದಲ್ಲಿ ರೇಖಾಂಶ ಮತ್ತು ಕಾಲ ಎಂಬ ಒಂದು ಪಾಠ ಇತ್ತು. ಅದು ಬಂದಾಗ ಮಾತ್ರ ನಾನು, “ಇದು ಭಾಳ ಸುಲಭ ಐತಿ, ಮನ್ಯಾಗ ಓದಿಕೋರಿ” ಎಂದು ಹೇಳಿ ಮುಂದಿನ ಪಾಠಕ್ಕೆ ಹಾರುತ್ತಿದ್ದೆ.

ಆ ವರ್ಷವೇ ಅಪ್ಪನಿಗೆ ರಷ್ಯಾಕ್ಕೆ ಹೋಗುವ ಯೋಗ ಬಂತು. ಸರಕಾರದವರು ಒಂದಿಷ್ಟು ಹತ್ತಿ ಬೆಳೆಗಾರರನ್ನು ಆರಿಸಿ, ಅಲ್ಲಿಯ ಹತ್ತಿ ಬೇಸಾಯ ನೋಡಿಬರಲು ಕಳಿಸುತ್ತಿದ್ದರು. ನಮ್ಮ ಎರೆ ಹೊಲದ ಹತ್ತಿಯನ್ನು ನೋಡಿ ಹೋಗಿದ್ದ ಸಾಹೇಬರೊಬ್ಬರು ಅಪ್ಪನ ಹೆಸರು ಬರೆದುಕೊಂಡಿದ್ದರು. ಅಪ್ಪ ಅದುವರೆಗೆ ಸೊಲ್ಲಾಪುರ ದಾಟಿದವನಲ್ಲ. ಕಾಕಾ ಎಲ್ಲಿಂದಲೋ ಒಂದು ಉಣ್ಣೆಯ ಕೋಟು ಹೊಂದಿಸಿ ತಂದ. ಅವ್ವ ಕಟಕ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿದಳು. ಅಪ್ಪ ಧೋತರದ ಮೇಲೆ ಕೋಟು ಹಾಕಿ, ತಲೆಗೆ ರುಮಾಲು ಸುತ್ತಿ, ಕನ್ನಡಿಯಲ್ಲಿ ನೋಡಿಕೊಂಡು, “ನನ್ನ ನೋಡಿದ್ರ ರಶ್ಯಾದಾವರು ಹತ್ತಿ ತೋರಸ್ತಾರೋ ಬಿಡ್ತಾರೋ” ಎಂದ.

ತೊಡಕು ಬಂದದ್ದು ದಿನದಲ್ಲಿ. ಮಿಶ್ರಿಕೋಟಿಯ ಒಂದು ಮನೆತನದವರು ನೀಲಕ್ಕನನ್ನು ನೋಡಲು ಬರುವ ದಿನವನ್ನು ಕಾಕಾ ಬಹಳ ಮುಂಚೆಯೇ ಗೊತ್ತುಮಾಡಿದ್ದ. ಅಪ್ಪ ಅದಾದ ಮೇಲೆ ಹೊರಡಬೇಕಾಗಿತ್ತು. ಸರಕಾರದವರು ಇದ್ದಕ್ಕಿದ್ದಂತೆ ತಾರೀಖು ಹಿಂದಕ್ಕೆ ತಂದರು. ವಿಮಾನ ಏರುವ ದಿನವೂ ಕನ್ಯೆ ನೋಡುವ ದಿನವೂ ಒಂದೇ ಆಯಿತು. ಬೀಗರಾಗುವವರಿಗೆ ಈಗ ಬೇಡ ಅನ್ನುವಂತಿರಲಿಲ್ಲ. ಅಕ್ಕನನ್ನು ಅದಕ್ಕೂ ಮೊದಲು ಎರಡು ಕಡೆಯವರು ನೋಡಿ ಹೋಗಿದ್ದರು. ಒಬ್ಬರಿಗೆ ಅವಳ ಎತ್ತರ ಹೆಚ್ಚಾಯಿತು, ಇನ್ನೊಬ್ಬರಿಗೆ ಮಾತು. ಈ ಮಿಶ್ರಿಕೋಟಿಯ ಹುಡುಗನನ್ನು ಅವಳು ಕಲಘಟಗಿಯ ಒಂದು ಮದುವೆಯಲ್ಲಿ ದೂರದಿಂದ ನೋಡಿದ್ದಳು. ಅದನ್ನು ಮನೆಯಲ್ಲಿ ನನಗೊಬ್ಬನಿಗೇ ಹೇಳಿದ್ದಳು. “ಅಂವ ನಗೂವಾಗ ಬಾಯಿ ಮುಚ್ಚಿಕೊಳ್ಳೂದಿಲ್ಲೋ ತಮ್ಮಾ. ಖುಲ್ಲಾ ನಗತಾನ. ನನಗ ಅಷ್ಟ ಸಾಕು” ಅಂದಿದ್ದಳು. ಆ ಸಂಬಂಧ ಕೂಡಿಬರಲಿ ಎಂದು ಅವಳಷ್ಟೇ ನಾನೂ ಬಯಸಿದ್ದೆ.

“ಬರಾವ್ರು ಹುಡುಗೀನ ನೋಡಾಕ ಬರ್ತಾರ, ನನ್ನೇನ ನೋಡ್ತಾರ? ತಮ್ಮ ಅದಾನ, ಬರ್ಲಿ” ಎಂದು ಹೇಳಿ ಅಪ್ಪ ಹುಬ್ಬಳ್ಳಿಯ ಬಸ್ಸು ಹತ್ತಿದ. ಅವ್ವ ಕಸಬರಿಗೆ ಎತ್ತಿ ಮಾಳಿಗೆಯ ಮೇಲೆ ಇಟ್ಟುಬಂದಳು.

ರೈಲಿನಲ್ಲಿ ಮೂರು ದಿನ ಕಳೆದ ಮೇಲೆ ದಿಲ್ಲಿ ಮುಟ್ಟಿದ ತಂತಿ ಬಂತು. “ಅಣ್ಣ ಸುರಕ್ಷಿತ ಮುಟ್ಯಾನ, ವೈನಿ, ಇನ್ನ ಕಸಾ ಹೊಡೀರಿ” ಎಂದ ಕಾಕಾ. ಅವ್ವ ಅಲುಗಲಿಲ್ಲ. “ಅವ್ರು ಏನ ದಿಲ್ಲಿಗೆ ಹೊಂಟಾರೇನು? ಅವ್ರು ಹೊಂಟದ್ದು ರಶ್ಯಾಕ್ಕ. ದಿಲ್ಲಿ ನಡುವಿನ ಸ್ಟ್ಯಾಂಡು” ಅಂದಳು. ಕಾಕಾ ತಂತಿಯನ್ನು ಮಡಚಿ ಕಿಸೆಗೆ ಹಾಕಿಕೊಂಡ.

ಅದು ಹತ್ತಿ ಬಿಡಿಸುವ ಸುಗ್ಗಿ. ಪಡಸಾಲೆಯ ಅರ್ಧ ಭಾಗದಲ್ಲಿ ಹತ್ತಿ ರಾಶಿ. ಒಣಗಿದ ಎಲೆಯ ಪುಡಿ, ಕಾಯಿಸಿಪ್ಪೆ, ಗಾಳಿಗೆ ಹಾರಾಡುವ ಹತ್ತಿಯ ಎಳೆ, ಅದರ ಜೊತೆಗೆ ಜೋಳದ ಹೊಟ್ಟು, ಎಳ್ಳಿನಷ್ಟು ಕೆಂಪು ಹುಳ. ನಾಲ್ಕೈದು ದಿನದಲ್ಲಿ ನಮ್ಮ ಮನೆಯಲ್ಲಿ ನಡೆದಾಡಿದರೆ ಸಪ್ಪಳ ಬರುವಂತಾಯಿತು. ನಾನು ಶಾಲೆಗೆ ಹೋದರೆ ಮಕ್ಕಳು ನನ್ನ ಬೆನ್ನಿಗೆ ಅಂಟಿದ ಹತ್ತಿ ನೋಡಿ ನಗುತ್ತಿದ್ದರು. ಅಕ್ಕ ಅತ್ತಿತ್ತ ಓಡಾಡುವಾಗ ನೆಲವನ್ನು ನೋಡಿ ನೋಡಿ ನಿಲ್ಲುತ್ತಿದ್ದಳು. ಬೀಗರಾಗುವವರು ಮಧ್ಯಾಹ್ನದ ಬಸ್ಸಿಗೆ ಬರುತ್ತಾರೆ. ಅಷ್ಟರೊಳಗೆ ಅಪ್ಪ ಮಾಸ್ಕೋ ಮುಟ್ಟಿದರೆ ಮನೆ ಮನೆಯಾಗುತ್ತದೆ, ಮುಟ್ಟದಿದ್ದರೆ ಅವರು ಈ ತಿಪ್ಪೆಯಲ್ಲಿಯೇ ಕುಳಿತು ಕನ್ಯೆ ನೋಡಬೇಕು. ಅಲ್ಲಿಂದ ಅಷ್ಟರಲ್ಲಿ ತಂತಿ ಬರುವಂತಿರಲಿಲ್ಲ, ಲೆಕ್ಕವನ್ನೇ ನಂಬಬೇಕು. ದಿಲ್ಲಿಯಿಂದ ಮಾಸ್ಕೋ ಎಷ್ಟು ದೂರ, ವಿಮಾನಕ್ಕೆ ಎಷ್ಟು ತಾಸು ಎಂಬುದು ಭೂಗೋಳದ ಪ್ರಶ್ನೆಯಾಗಿ ಉಳಿದಿರಲಿಲ್ಲ.

ಜೀವನದಲ್ಲಿ ಮೊದಲ ಸಲ ನಮ್ಮ ಮನೆಗೆ ಭೂಗೋಳ ಬೇಕಾಗಿತ್ತು. ಅವ್ವ ತಾನಾಗಿ ನನ್ನ ಮುಂದೆ ಬಂದು ಕುಳಿತಳು. ನಾನು ಅಟ್ಲಾಸು ಬಿಚ್ಚಿದೆ. ಅವ್ವನ ಕೌದಿ ಹೊಲಿಯುವ ದಾರವನ್ನೇ ತೆಗೆದುಕೊಂಡು ದಿಲ್ಲಿಯ ಮೇಲೆ ಒಂದು ತುದಿ, ಮಾಸ್ಕೋದ ಮೇಲೆ ಇನ್ನೊಂದು ತುದಿ ಒತ್ತಿ, ಪುಟದ ಕೆಳಗಿನ ಅಳತೆಪಟ್ಟಿಗೆ ಹಿಡಿದು, ಹುಬ್ಬಳ್ಳಿಯಿಂದ ದಿಲ್ಲಿಗೆ ಎಷ್ಟೋ ಅದರ ಎರಡರಷ್ಟಕ್ಕಿಂತ ಮೇಲೆ ಎಂದು ಸಾರಿದೆ. ಅವ್ವ ಗಾಬರಿಯಾದಳು. ರೈಲಿನಲ್ಲಿ ದಿಲ್ಲಿಗೆ ಮೂರು ದಿನವಾದರೆ ಇದಕ್ಕೆ ಒಂದು ವಾರ ಎಂದು ಅವಳು ಲೆಕ್ಕ ಹಾಕಿದ್ದಳು. ನಾನು ನಕ್ಕೆ. ಆ ನಗೆ ನನಗೆ ಇವತ್ತಿಗೂ ನೆನಪಿದೆ, ಬಹಳ ಅಸಹ್ಯವಾದ ನಗೆ. ಅಪ್ಪನಿಗೆ ಸರಕಾರದವರು ಕೊಟ್ಟ ಕಾಗದದ ನಕಲು ನನ್ನ ಹತ್ತಿರ ಇತ್ತು. ಅದನ್ನು ಓದಿದೆ. ದಿಲ್ಲಿ ಬಿಡುವುದು ಮುಂಜಾನೆ ಏಳಕ್ಕೆ, ಮಾಸ್ಕೋ ಮುಟ್ಟುವುದು ಮುಂಜಾನೆ ಹನ್ನೊಂದಕ್ಕೆ.

“ನಾಕ ತಾಸು” ಅಂದೆ.

“ಅಷ್ಟ?” ಎಂದಳು ಅಕ್ಕ. ಅವಳ ಮುಖ ಆಗ ಅರಳಿದ್ದನ್ನು ನಾನು ಮರೆತಿಲ್ಲ.

ಇಲ್ಲಿ ಒಂದು ಮಾತು ಹೇಳಬೇಕು. ದಾರದಿಂದ ಅಳೆದ ದೂರವನ್ನು ನಾಲ್ಕರಿಂದ ಭಾಗಿಸಿ ನೋಡಿದಾಗ ಬಂದ ವೇಗ, ಪುಸ್ತಕದಲ್ಲಿ ವಿಮಾನಕ್ಕೆ ಬರೆದಿದ್ದ ವೇಗಕ್ಕಿಂತ ಬಹಳ ಹೆಚ್ಚಾಗಿತ್ತು. ಬುದ್ಧಿ ನೆಟ್ಟಗಿದ್ದವನಾದರೆ ಅಲ್ಲಿಯೇ ತಡೆದು ಯೋಚಿಸುತ್ತಿದ್ದ. ನಾನು ತಡೆಯಲಿಲ್ಲ. ನನ್ನ ಗಣಿತವನ್ನು ಸಂಶಯಿಸುವುದಕ್ಕಿಂತ ರಷ್ಯಾದ ಪ್ರಗತಿಯನ್ನು ಮೆಚ್ಚುವುದು ಸುಲಭವಾಗಿತ್ತು. ಅದೇ ಸಂಜೆ ಕಟ್ಟೆಯ ಮೇಲೆ ಕುಳಿತು, ರಷ್ಯಾದವರು ವಿಮಾನವನ್ನು ಎಲ್ಲಿಗೆ ಮುಟ್ಟಿಸಿದ್ದಾರೆ ಗೊತ್ತೇ ಎಂದು ಊರಿಗೆ ಅರ್ಧ ತಾಸು ಉಪನ್ಯಾಸ ಕೊಟ್ಟೆ. ಜನ ಬಾಯಿ ಬಿಟ್ಟುಕೊಂಡು ಕೇಳಿದರು. ಬಾಯಿ ಬಿಟ್ಟು ಕೇಳುವವರು ಸಿಕ್ಕರೆ ನನ್ನಂಥವನಿಗೆ ಊಟವೂ ಬೇಡ.

ಆ ದಿನ ಬಂತು. ಗೋಡೆಯ ಗಡಿಯಾರದ ಮುಂದೆ ನಾನು ನಿಂತೆ. ಹನ್ನೊಂದು ಬಡಿದ ಕೂಡಲೇ ಕೈ ಎತ್ತಿ, “ಅಪ್ಪ ಇಳದಾ! ಹೊಡೀರಿ ಕಸಾ!” ಎಂದು ಕೂಗಿದೆ. ಯುದ್ಧ ಶುರುವಾಯಿತು. ಅವ್ವ ಒಂದು ಕಡೆ, ಅಕ್ಕ ಇನ್ನೊಂದು ಕಡೆ. ಕಾಕಾ ಹತ್ತಿ ರಾಶಿಯನ್ನು ಒಳಕೋಣೆಗೆ ನೂಕಿದ. ಪುಟ್ಟಿಯ ಮೇಲೆ ಪುಟ್ಟಿ ಕಸ ಹಿತ್ತಲ ತಿಪ್ಪೆಗೆ ಹೋಯಿತು. ಸೆಗಣಿಯಿಂದ ನೆಲ ಸಾರಿಸಿದ್ದಾಯಿತು, ಹೊಸ್ತಿಲಿಗೆ ರಂಗೋಲಿ ಬಿತ್ತು. ಅಕ್ಕ ಇಳಕಲ್ ಸೀರೆ ಉಟ್ಟು ಬಂದಳು. ಸಾರಿಸಿದ ನೆಲದ ವಾಸನೆ, ಅಕ್ಕನ ತಲೆಯ ಮಲ್ಲಿಗೆಯ ವಾಸನೆ ಎರಡೂ ಕೂಡಿ ಮನೆ ಎಷ್ಟು ಚೆಂದಾಗಿತ್ತೆಂದರೆ ನಾನೇ ಆ ಮನೆಯನ್ನು ಕಟ್ಟಿಸಿದಂತೆ ಪಡಸಾಲೆಯ ನಡುವೆ ನಿಂತಿದ್ದೆ.

ಅವ್ವ ಬೆವರು ಒರೆಸಿಕೊಂಡು ಕಂಬಕ್ಕೆ ಆತು ಕುಳಿತಳು. “ಈಗ ಊಟಕ್ಕ ಕುಂತಿರ್ತಾರೇನೋ ಅಲ್ಲಿ. ಅಲ್ಲೂ ಹಿಂಗ ಬಿಸಲು ಬಿದ್ದಿರ್ತೈತೇನು?” ಎಂದು ಸುಮ್ಮನೆ ಕೇಳಿದಳು. ಅವಳಿಗೆ ಗಂಡನ ನೆನಪು ಬಂದಿತ್ತು, ಅಷ್ಟೇ. ನಾನು ಮಾತ್ರ ಪಾಠ ಮಾಡುವ ಅವಕಾಶ ಬಿಡುವವನಲ್ಲ.

“ಛೇ, ಎಲ್ಲೀ ಬಿಸಲವ್ವಾ? ಅದು ಪಶ್ಚಿಮಕ್ಕ ಐತಿ. ಅಲ್ಲಿ ಹೊತ್ತು ತಡಾ ಮಾಡಿ ಹೊಂಡ್ತೈತಿ. ನಮಗೀಗ ಹನ್ನೆರಡಾಗಾಕ ಬಂದ್ರ ಅಲ್ಲಿನ್ನೂ ಒಂಬತ್ತರ ಸುಮಾರು…”

ನನ್ನ ಮಾತು ಅಲ್ಲಿಗೆ ನಿಂತಿತು. ಅಲ್ಲಿ ಈಗ ಒಂಬತ್ತು. ಅಪ್ಪ ಇಳಿಯುವುದು ಅಲ್ಲಿಯ ಹನ್ನೊಂದಕ್ಕೆ. ಕಾಗದದಲ್ಲಿ ಬರೆದದ್ದು ಅಲ್ಲಿಯ ಗಡಿಯಾರ. ಮನೆಯಲ್ಲಿ ಓದಿಕೊಳ್ಳಿರಿ ಎಂದು ನಾನು ಮಕ್ಕಳಿಗೆ ಬಿಟ್ಟುಕೊಟ್ಟ ಪಾಠ ನನ್ನ ಮನೆಗೇ ಬಂದಿತ್ತು.

“ಏನಾತೋ? ಯಾಕ ಹಂಗ ನಿಂತಿ?” ಎಂದಳು ಅಕ್ಕ.

ಸುಮ್ಮನಿರಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಕಸ ಹೊಡೆದರೆ ವಿಮಾನಕ್ಕೆ ಏನೂ ಆಗುವುದಿಲ್ಲ ಎಂದು ಕಾಲೇಜಿನ ಚರ್ಚಾಕೂಟದಲ್ಲಿ ಗಂಟೆಗಟ್ಟಲೆ ವಾದಿಸಬಲ್ಲವನು ನಾನು. ಆದರೆ ಆ ಹೊತ್ತಿಗೆ ನನ್ನ ಕಣ್ಣ ಮುಂದೆ ಬಂದದ್ದು ಚರ್ಚಾಕೂಟವಲ್ಲ. ಕಾಲ ಕೆಳಗೆ ನೆಲವಿಲ್ಲದ ಕಡೆ, ಕೋಟು ಹಾಕಿ, ತಲೆಗೆ ರುಮಾಲು ಸುತ್ತಿಕೊಂಡು, ರೊಟ್ಟಿಯ ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತ ಅಪ್ಪ. ನನಗೆ ನಿಜವಾಗಿ ಭಯವಾಯಿತು. “ಅವ್ವಾ, ಅಪ್ಪ ಇನ್ನೂ ಇಳದಿಲ್ಲ. ಇನ್ನೂ ಹಾದ್ಯಾಗ ಅದಾನ. ನನ್ನ ಲೆಕ್ಕಾ ತಪ್ಪಿತು” ಎಂದುಬಿಟ್ಟೆ.

ಅವ್ವ ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. ಕಂಬ ಹಿಡಿದು ಎದ್ದು ನಿಂತಳು. ಆಮೇಲೆ, “ತಂದ ಹಾಕು” ಅಂದಳು.

“ಏನ?”

“ಕಸಾ.”

“ತಿಪ್ಪಿಗೆ ಹಾಕಿದ್ದನ್ನ?”

“ಮತ್ತೇನ ನೆರೀಮನ್ಯಾವ್ರದನ್ನ ತರ್ತೀ?”

ನಾನು ಅಕ್ಕನ ಮುಖ ನೋಡಿದೆ. ಬೇಡ ಅನ್ನುವ ಹಕ್ಕು ಯಾರಿಗಾದರೂ ಇದ್ದರೆ ಅವಳಿಗೆ. ಎರಡು ಸಲ ಬೇಡವೆನ್ನಿಸಿಕೊಂಡವಳು, ಮೂರನೆಯ ಸಲ ಅವಳೇ ಮೆಚ್ಚಿದ ಮನುಷ್ಯ ಬರುತ್ತಿದ್ದ. ಅವಳು ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. “ನಡಿ, ಪುಟ್ಟಿ ತಗೋ. ಅಪ್ಪ ಅಲ್ಲಿ ನಡುಹಾದ್ಯಾಗ ಇರೂವಾಗ ನಾ ಇಲ್ಲಿ ಚಂದ ಕಂಡು ಏನ ಮಾಡ್ಲಿ? ನನ್ನ ನೋಡಾವ್ರು ನೆಲಾ ನೋಡಿದ್ರ ನೋಡ್ಲಿ” ಎಂದಳು.

ಬಿ.ಎ. ಪದವೀಧರನಾದ ನಾನು ಇಸ್ತ್ರಿ ಮಾಡಿದ ಅಂಗಿಯಲ್ಲಿ ತಿಪ್ಪೆಯ ಮೇಲೆ ಕುಳಿತು ನಮ್ಮ ಮನೆಯ ಕಸವನ್ನು ಆರಿಸತೊಡಗಿದೆ. ಎತ್ತಿನ ಸೆಗಣಿಯೊಳಗಿಂದ ನಮ್ಮ ಎಲೆಪುಡಿ ಬೇರೆ, ನಮ್ಮ ಹತ್ತಿ ಬೇರೆ. ಪುಟ್ಟಿ ತುಂಬಿ ತಂದರೆ ಅವ್ವ ರೊಟ್ಟಿಗೆ ಹಿಟ್ಟು ಉದುರಿಸುವಂತೆ ಪಡಸಾಲೆಗೆಲ್ಲ ಉದುರಿಸಿದಳು. ಸಾರಿಸಿದ ನೆಲ ಇನ್ನೂ ಹಸಿ. ಮೊದಲು ಹಾರಾಡುತ್ತಿದ್ದ ಕಸ ಈಗ ನೆಲಕ್ಕೆ ಅಂಟಿಕೊಂಡಿತು. ನೋಡಲು ಮೊದಲಿಗಿಂತ ಹತ್ತು ಪಟ್ಟು ಹೊಲಸಾಯಿತು. ಕೊನೆಯ ಪುಟ್ಟಿ ನನ್ನ ಕೈಯಲ್ಲಿರುವಾಗಲೇ ಬಾಗಿಲಲ್ಲಿ, “ಮನ್ಯಾಗ ಅದಾರೇನ್ರಿ?” ಎಂಬ ದನಿ ಕೇಳಿತು.

ಮೂವರು ಬಂದಿದ್ದರು. ಹುಡುಗ, ಅವನ ಅಪ್ಪ, ಅಪ್ಪನ ಅಕ್ಕ. ಆ ಅತ್ತಿಯೇ ಮನೆಗೆ ಹಿರಿಯಳು, ಅವಳು ಹೂಂ ಅಂದರೆ ಹೂಂ ಎಂದು ಕಾಕಾ ಮೊದಲೇ ಹೇಳಿದ್ದ. ಎತ್ತರದ ಹೆಂಗಸು, ಹಣೆಯ ತುಂಬ ವಿಭೂತಿ. ಅವಳು ಹೊಸ್ತಿಲ ರಂಗೋಲಿಯನ್ನು ನೋಡಿದಳು, ಒಳಗಿನ ನೆಲವನ್ನು ನೋಡಿದಳು, ಪುಟ್ಟಿ ಹಿಡಿದು ನಿಂತ ನನ್ನನ್ನೂ ನೋಡಿದಳು. ಕಾಕಾ ಅವಸರದಿಂದ ನವಲಗುಂದದ ಹೊಸ ಜಮಖಾನೆಯನ್ನು ಆ ಕಸದ ಮೇಲೆಯೇ ಹಾಸಿ, “ಬರ್ರಿ ಬರ್ರಿ, ಈಗ ಹತ್ತಿ ಹೇರಿ ಕಳಿಸಿದ್ವಿರಿ, ಆಳುಗಳು ಹಿಂಗ ಮಾಡಿ ಹೋದ್ರು…” ಎಂದು ಶುರುಮಾಡಿದ. ಅತ್ತಿ ಅವನ ಮಾತಿಗೆ ಕಿವಿಗೊಡಲಿಲ್ಲ. ಅವ್ವನ ಕಡೆ ತಿರುಗಿ, “ಯಾರು ಹಾದ್ಯಾಗ ಅದಾರ್ರಿ?” ಎಂದು ಕೇಳಿದಳು.

“ನಮ್ಮ ಮನ್ಯಾವ್ರು” ಎಂದಳು ಅವ್ವ. ಅಷ್ಟು ಹೇಳುವುದರಲ್ಲಿ ಅವಳ ಕಣ್ಣು ತುಂಬಿತು. ಕಸ ಹೊಡೆದದ್ದು, ಮತ್ತೆ ತಂದು ಹಾಕಿದ್ದು, ಒಂದನ್ನೂ ಬಿಡದೆ ಹೇಳಿದಳು. ಲೆಕ್ಕ ಯಾರದು ಎಂಬುದನ್ನೂ ಬಿಡಲಿಲ್ಲ.

ಅತ್ತಿ ಜಮಖಾನೆಯ ಮೇಲೆ ಕುಳಿತು ಕಾಲು ಚಾಚಿದಳು. “ಹಂಗಿದ್ರ ಅವಸರಾ ಮಾಡಬ್ಯಾಡ್ರಿ. ಮನಿ ಯಜಮಾನ್ರು ಮುಟ್ಲಿ. ಆಮ್ಯಾಲ ಹುಡುಗೀನ್ನ ನೋಡೂಣು. ಎಷ್ಟೊತ್ತಿಗೆ ಮುಟ್ತಾರ?”

ಎಲ್ಲರೂ ನನ್ನ ಕಡೆ ನೋಡಿದರು. ಬೆರಳು ಮಡಚಿ ಮೂರು ಸಲ ಎಣಿಸಿ, ಒಂದೂವರೆಗೆ ಎಂದೆ.

ಕಾದೆವು. ಹುಡುಗ ಪ್ಯಾಂಟಿಗೆ ಅಂಟಿದ ಹತ್ತಿಯನ್ನು ಒಂದೊಂದಾಗಿ ಬಿಡಿಸುತ್ತ, ನಡುನಡುವೆ ನನ್ನ ಕೈಯ ಪುಟ್ಟಿಯನ್ನು ನೋಡಿ ನಗೆ ತಡೆದುಕೊಳ್ಳುತ್ತ ಕುಳಿತಿದ್ದ. ಒಂದೂವರೆ ಬಡಿಯಿತು. ಅವ್ವ ಎದ್ದಳು. “ತಡೀರಿ ತಂಗಿ” ಎಂದಳು ಅತ್ತಿ. “ಇನ್ನೂ ಅರ್ಧಾ ತಾಸು ಬಿಡ್ರಿ. ಇಳೀಬೇಕು, ಗಂಟು ತಗೋಬೇಕು, ಹೊರಗ ಬರಬೇಕು. ಅಲ್ಲಿ ಗದ್ದಲ ಎಷ್ಟಿರ್ತೈತೋ ಏನೋ.” ಅರ್ಧ ತಾಸು ಕಳೆದ ಮೇಲೆ ತಾನೇ ಎದ್ದು ಜಮಖಾನೆ ಮಡಚಿ, ಕಸಬರಿಗೆ ಕೈಗೆ ತೆಗೆದುಕೊಂಡಳು. ಅವ್ವ ಓಡಿಬಂದು ಕೈ ಹಿಡಿದರೂ ಕೇಳಲಿಲ್ಲ. ಇಬ್ಬರೂ ಕೂಡಿ ಪಡಸಾಲೆ ಗುಡಿಸಿದರು.

ಆಮೇಲೆ ಅಕ್ಕ ಬಂದು ಕುಳಿತಳು. ಅಡಿಗೆ ಬರುತ್ತದೆಯೇ, ಹೊಲಿಗೆ ಬರುತ್ತದೆಯೇ ಎಂದು ಅತ್ತಿ ಕೇಳಲಿಲ್ಲ. ಅವಳ ಸೀರೆಯ ಅಂಚಿಗೆ ಹತ್ತಿದ ತಿಪ್ಪೆಯ ಮಣ್ಣನ್ನು ನೋಡಿ, ಕೈಯಿಂದ ಒರೆಸಿ, ನನ್ನ ಕಡೆ ತಿರುಗಿದಳು. “ಏನ್ರಿ ಮಾಸ್ತರ, ನಾಳೆ ಈ ಹುಡುಗಿ ನಮ್ಮ ಮನಿಗೆ ಹೊಂಟ್ರ ಮಿಶ್ರಿಕೋಟಿ ಮುಟ್ಟಾಕ ಎಷ್ಟ ತಾಸಾಕ್ಕೈತಿ? ಅಲ್ಲೀತನಕಾ ನಿಮ್ಮವ್ವ ಕಸಾ ಇಡಬೇಕಲ್ಲ?”

ಹುಡುಗಿ ಒಪ್ಪಿಗೆಯಾದ ಮಾತನ್ನು ನಾನು ಜೀವನದಲ್ಲಿ ಅಷ್ಟು ಚೆಂದವಾಗಿ ಕೇಳಿಲ್ಲ. ಸಂತೋಷದಿಂದ ಬಾಯಿ ತೆರೆದೆ. ಅಷ್ಟರಲ್ಲಿ ಅವ್ವ, ಅಕ್ಕ, ಕಾಕಾ ಮೂವರೂ ಒಟ್ಟಿಗೆ ಕೂಗಿದರು: “ಅವನ್ನ ಕೇಳಬ್ಯಾಡ್ರಿ!” ಹುಡುಗ ನಕ್ಕ. ಖುಲ್ಲಾ ನಕ್ಕ, ಬಾಯಿ ಮುಚ್ಚಿಕೊಳ್ಳಲಿಲ್ಲ.

ಅಪ್ಪ ಸುಖವಾಗಿ ಮುಟ್ಟಿದ್ದ. ತಿರುಗಿ ಬಂದ ಮೇಲೆ ನಾನು ಮೊದಲು ಕೇಳಿದ್ದು, ದಿಲ್ಲಿಯಿಂದ ಮಾಸ್ಕೋಗೆ ನಿಜವಾಗಿ ಎಷ್ಟು ತಾಸಾಯಿತು ಎಂದು. “ನನಗೇನ ಗೊತ್ತೋ? ಕುಂತ ಕೂಡ್ಲೇ ನಿದ್ದಿ ಹತ್ತಿತು” ಎಂದ ಅಪ್ಪ.

ಮುಂದಿನ ಹುಣ್ಣಿಮೆಯ ಆಸುಪಾಸಿನಲ್ಲಿ ಅಕ್ಕನ ಮದುವೆ ನಮ್ಮ ಮನೆಯ ಮುಂದಿನ ಹಂದರದಲ್ಲಿಯೇ ಆಯಿತು. ಅವಳನ್ನು ಕಳಿಸಲು ಜೊತೆಗೆ ಹೋದ ಕಾಕಾ ಮರುದಿನ ಮುಂಜಾನೆ ಬಂದು, ಎಲ್ಲರೂ ಸುಖವಾಗಿ ಮುಟ್ಟಿದೆವು, ಹುಡುಗಿ ಅಲ್ಲಿ ಊಟ ಮಾಡಿದಳು ಎಂದು ಹೇಳಿದ. ಅವ್ವ ಕೇಳಿಸಿಕೊಂಡಳು, ಅವನಿಗೆ ಚಹಾ ಮಾಡಿ ಕೊಟ್ಟಳು. ಕಸಬರಿಗೆ ಮಾತ್ರ ಮುಟ್ಟಲಿಲ್ಲ. ಮಧ್ಯಾಹ್ನವಾಯಿತು. ಪಡಸಾಲೆಯ ತುಂಬ ಅಕ್ಷತೆ, ಬಾಡಿದ ಮಲ್ಲಿಗೆ, ಬಳೆ ಇಡಿಸುವಾಗ ಒಡೆದ ಹಸಿರು ಬಳೆಯ ಚೂರು ಹಾಗೆಯೇ ಬಿದ್ದಿದ್ದವು.

“ಅವ್ವಾ, ಅಕ್ಕ ನಿನ್ನೇನ ಮುಟ್ಯಾಳಲ್ಲ?” ಎಂದೆ.

“ಗೊತ್ತೈತಿ” ಎಂದಳು ಅವ್ವ. “ಅಕಿ ಓಡ್ಯಾಡಿದ ಕಸಾ ಐತಿ ಇದು. ಇರ್ಲಿ ಬಿಡು.”

ಎಲ್ಲಿಯ ತನಕ ಎಂದು ಕೇಳಲು ನಾನು ಅಭ್ಯಾಸದಂತೆ ಗಡಿಯಾರದ ಕಡೆ ತಿರುಗಿದೆ. ಕಂಬದ ಬುಡದಲ್ಲಿ ಕುಳಿತಿದ್ದ ಅಪ್ಪ ನನ್ನ ಕೈ ಹಿಡಿದು ಜಗ್ಗಿದ. “ಸುಮ್ನ ಕೂಡೋ ಮಾಸ್ತರ” ಎಂದ.

ನಾನು ಕುಳಿತೆ. ಆ ಕಸದಲ್ಲಿಯೇ ಮೂವರೂ ದೀಪ ಹಚ್ಚುವ ಹೊತ್ತಿನ ತನಕ ಕುಳಿತಿದ್ದೆವು.